ನುಡಿಗೆ ಹಿಡಿದ ಕನ್ನಡಿ: ಉಚ್ಚಾರಣ ಶಿಕ್ಷಣದಲ್ಲಿ ಯಂತ್ರಸಾಧನಗಳ ವಿಮರ್ಶೆ

1

ತನ್ನ ಮಾತನ್ನು ತಾನೇ ಕೇಳಿ, ತನ್ನ ಬಾಯಿಯ ಚಲನೆಯನ್ನು ತಾನೇ ನೋಡಿ ಉಚ್ಚಾರಣೆಯನ್ನು ತಿದ್ದಿಕೊಳ್ಳುವುದು ಇಂದು ಬಹಳ ಸುಲಭವಾಗಿದೆ. ವಿದ್ಯಾರ್ಥಿಯ ಜೇಬಿನಲ್ಲಿರುವ ದೂರವಾಣಿಯೇ ಅವನ ಧ್ವನಿಯನ್ನು ಮುದ್ರಿಸುತ್ತದೆ. ಮುಖದ ಚಲನಚಿತ್ರವನ್ನು ತೆಗೆಯುತ್ತದೆ. ಸ್ವರದ ಏರಿಳಿತವನ್ನು ಗೆರೆಯಾಗಿ ಎಳೆದು ತೋರಿಸುತ್ತದೆ. ಎಷ್ಟೋ ವೇಳೆ ನೂರಕ್ಕೆ ಇಷ್ಟು ಅಂಕವೆಂದು ತೀರ್ಪನ್ನೂ ಕೊಟ್ಟುಬಿಡುತ್ತದೆ. ಆದುದರಿಂದ ಉಚ್ಚಾರಣ ಶಿಕ್ಷಣದಲ್ಲಿ ಅಧ್ಯಾಪಕನ ಕೆಲಸ ಬಹುಮಟ್ಟಿಗೆ ಮುಗಿಯಿತೆಂಬ ಭಾವನೆ ಹರಡುತ್ತಿದೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಧ್ವನಿವಿಜ್ಞಾನಿಗಳ ಕ್ಷೇತ್ರ. ಚರಿತ್ರೆಯ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ಯಾರಾದರೂ ಕೇಳಬಹುದು. ಅದಕ್ಕೆ ಸಮಾಧಾನವಿಷ್ಟೆ. ಯಂತ್ರವು ನುಡಿಯನ್ನು ತಿದ್ದುತ್ತದೆಂಬ ಆಶ್ವಾಸನೆ ಇಂದಿನದಲ್ಲ. ಇಂದಿನ ಸಾಧನಗಳಿಗೆ ಮುಂಚೆ ಕನಿಷ್ಠ ಮೂರು ಸಲ ಅದು ದೊಡ್ಡದಾಗಿ ಕೇಳಿಬಂದಿತ್ತು; ಮೂರು ಸಲವೂ ದೊರೆತ ಫಲ ಆಶ್ವಾಸನೆಗಿಂತ ಬಹಳ ಕಿರಿದಾಗಿತ್ತು. ಒಂದೇ ಬಗೆಯ ನಿರಾಶೆ ಮರುಕಳಿಸಿದಲ್ಲಿ ಅದರ ಕಾರಣವನ್ನು ಹುಡುಕುವುದು ಚರಿತ್ರೆಯ ಕೆಲಸವೇ ಆಗಿದೆ.

ಮೊದಲು ಒಂದು ವಿವೇಚನೆ ಅಗತ್ಯ. ‘ತಿದ್ದುವುದು’ ಎಂಬ ಒಂದು ಮಾತಿನಲ್ಲಿ ನಾಲ್ಕು ಕೆಲಸಗಳು ಅಡಗಿವೆ. ಬಾಯಿಂದ ಹೊರಟದ್ದು ಏನೆಂಬುದನ್ನು ತೋರಿಸುವುದು ಒಂದು. ತೋರಿಸಿದ್ದಕ್ಕೂ ಮಾದರಿಗೂ ಇರುವ ಅಂತರವನ್ನು ಗುರುತಿಸುವುದು ಎರಡು. ಗುರುತಿಸಿದ ಮೇಲೆ ನಾಲಗೆ, ತುಟಿ, ಗಂಟಲುಗಳನ್ನು ಬೇರೆ ರೀತಿಯಲ್ಲಿ ನಡೆಸುವುದು ಮೂರು. ಇವೆಲ್ಲಕ್ಕೂ ಆಧಾರವಾಗಿ, ಯಾವುದು ತಪ್ಪು ಯಾವುದು ಸರಿ ಎಂದು ನಿರ್ಣಯಿಸುವುದು ನಾಲ್ಕು. ಯಂತ್ರವು ಮೊದಲನೆಯ ಕೆಲಸವನ್ನು ಅದ್ಭುತವಾಗಿ ಮಾಡುತ್ತದೆ. ಉಳಿದ ಮೂರನ್ನು ಅದು ತಾನಾಗಿ ಮಾಡಲಾರದು. ಒಂದನ್ನು ಮಾಡಿದ್ದರಿಂದ ನಾಲ್ಕೂ ಆದುವೆಂದು ಭಾವಿಸಿದ್ದೇ ಹಿಂದಿನ ನಿರಾಶೆಗಳಿಗೆಲ್ಲ ಮೂಲವೆಂಬುದು ನನ್ನ ವಾದ.

2

ಉಚ್ಚಾರಣೆಯನ್ನು ಕ್ರಮವಾಗಿ ಕಲಿಸುವ ಶಾಸ್ತ್ರ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ವೇದಾಂಗಗಳಲ್ಲಿ ಒಂದಾದ ಶಿಕ್ಷೆಯೂ ಪ್ರಾತಿಶಾಖ್ಯಗಳೂ ಪ್ರತಿಯೊಂದು ವರ್ಣಕ್ಕೂ ಸ್ಥಾನ, ಕರಣ, ಪ್ರಯತ್ನಗಳನ್ನು ನಿರ್ದೇಶಿಸಿವೆ. ಕಂಠದಿಂದ ತುಟಿಯವರೆಗೆ ಸಾಗುವ ನಮ್ಮ ವರ್ಗಾಕ್ಷರಗಳ ಸಾಲು ಬಾಯಿಯ ಒಳಗಿನ ಒಂದು ನಕ್ಷೆಯೆಂದೇ ಹೇಳಬೇಕು. ಆದರೂ ಆ ಶಾಸ್ತ್ರಕಾರರು ನಕ್ಷೆಯನ್ನು ನಂಬಿ ಕೂಡಲಿಲ್ಲ. ಪಾಣಿನೀಯ ಶಿಕ್ಷೆಯು ಬರೆದುದನ್ನು ನೋಡಿ ಓದುವವನನ್ನು ಅಧಮ ಪಾಠಕರ ಗುಂಪಿಗೆ ಸೇರಿಸಿದೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಶಿಷ್ಯನ ಬಾಯಿಂದ ಗುರುವಿನ ಕಿವಿಗೆ ಎಂಬುದೇ ಅಲ್ಲಿನ ಮಾರ್ಗ. ತೋರಿಸುವ, ಗುರುತಿಸುವ, ನಿರ್ಣಯಿಸುವ ಕೆಲಸಗಳೆಲ್ಲ ಅಲ್ಲಿ ಒಬ್ಬನೇ ವ್ಯಕ್ತಿಯಲ್ಲಿ ಸೇರಿದ್ದುವು.

ಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಈ ಕೆಲಸಗಳು ಬೇರೆಬೇರೆಯಾಗತೊಡಗಿದುವು. ಪ್ಯಾರಿಸ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತ 1857ರಲ್ಲಿ ‘ಫೋನಾಟೋಗ್ರಾಫ್’ ಎಂಬ ಸಾಧನಕ್ಕೆ ಹಕ್ಕುಪತ್ರ ಪಡೆದ. ಧ್ವನಿಯ ಕಂಪನವನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೀಚುವ ಯಂತ್ರವದು. ಎಡಿಸನ್ನನ ಫೋನೋಗ್ರಾಫಿಗಿಂತ ಇಪ್ಪತ್ತು ವರ್ಷ ಹಿಂದಿನದು. ಮುದ್ರಿಸಿದ್ದನ್ನು ಮತ್ತೆ ಕೇಳಿಸುವ ಯೋಚನೆಯೇ ಅದರಲ್ಲಿರಲಿಲ್ಲ. 1860ರಲ್ಲಿ ಅವನು ಪಡೆದ ಒಂದು ಗೀಚನ್ನು ಗಣಕಯಂತ್ರದ ನೆರವಿನಿಂದ ಧ್ವನಿಯಾಗಿ ಕೇಳಿದ್ದು 2008ರಲ್ಲಿ. ಮಾನವಧ್ವನಿಯನ್ನು ಹಿಡಿದ ಮೊದಲ ಯಂತ್ರವು ಕಿವಿಗಾಗಿ ಅಲ್ಲ, ಕಣ್ಣಿಗಾಗಿ ಹುಟ್ಟಿತೆಂಬುದು ಗಮನಾರ್ಹ.

ಇದೇ ಕಾಲದಲ್ಲಿ ಅಲೆಗ್ಸಾಂಡರ್ ಮೆಲ್‌ವಿಲ್ ಬೆಲ್ ಎಂಬ ವಾಕ್‌ಶಿಕ್ಷಕ ‘ವಿಸಿಬಲ್ ಸ್ಪೀಚ್’, ಎಂದರೆ ಕಾಣುವ ನುಡಿ, ಎಂಬ ಲಿಪಿಯನ್ನು ರಚಿಸಿ 1867ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ. ಅದರ ಒಂದೊಂದು ಚಿಹ್ನೆಯೂ ನಾಲಗೆ ತುಟಿಗಳ ನಿಲುವನ್ನು ಸೂಚಿಸುವ ಪುಟ್ಟ ಚಿತ್ರ. ಮಗ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನನ್ನು ಕೋಣೆಯಿಂದ ಹೊರಗೆ ಕಳುಹಿಸಿ, ಸಭಿಕರು ಹೇಳಿದ ಪರಭಾಷೆಯ ಮಾತುಗಳನ್ನೂ ವಿಚಿತ್ರ ಶಬ್ದಗಳನ್ನೂ ತಂದೆ ಬರೆದುಕೊಳ್ಳುತ್ತಿದ್ದ. ಮಗ ಒಳಬಂದು ಅವನ್ನು ನೋಡಿ ತಪ್ಪಿಲ್ಲದೆ ಉಚ್ಚರಿಸುತ್ತಿದ್ದ. ಸಭೆ ಬೆರಗಾಗುತ್ತಿತ್ತು. ಆದರೆ ಆ ಮಗ ಬಾಲ್ಯದಿಂದಲೂ ತಂದೆಯ ಬಳಿ ತರಬೇತಾದವನು, ಕಿವಿ ಸೂಕ್ಷ್ಮವಾಗಿದ್ದವನು ಎಂಬುದನ್ನು ನಾವು ಮರೆಯಬಾರದು. ಆ ಪ್ರದರ್ಶನ ಲಿಪಿಯ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಶಿಕ್ಷಣದ ಸಾಮರ್ಥ್ಯಕ್ಕೆ ನಿದರ್ಶನ.

ಗ್ರಹಾಂ ಬೆಲ್ 1871ರಲ್ಲಿ ಬಾಸ್ಟನ್ನಿನ ಕಿವುಡ ಮಕ್ಕಳ ಶಾಲೆಯಲ್ಲಿ ಈ ಲಿಪಿಯ ಮೂಲಕ ಮಾತು ಕಲಿಸತೊಡಗಿದ. 1874ರಲ್ಲಿ, ಮೃತನೊಬ್ಬನ ಕಿವಿಯ ತಮಟೆ ಮೂಳೆಗಳನ್ನೇ ಬಳಸಿ, ಧ್ವನಿಯನ್ನು ಗೆರೆಯಾಗಿಸುವ ಒಂದು ಸಾಧನವನ್ನು ಮಾಡಿದ. ಮಕ್ಕಳು ತಮ್ಮ ಧ್ವನಿಯ ಗೆರೆಯನ್ನು ಅಧ್ಯಾಪಕರ ಧ್ವನಿಯ ಗೆರೆಯೊಡನೆ ಹೋಲಿಸಿ ತಿದ್ದಿಕೊಳ್ಳಲೆಂಬುದು ಅವನ ಆಸೆ. ಇಂದಿನ ಗಣಕಯಂತ್ರದ ಪರದೆಯ ಮೇಲೆ ನಡೆಯುವುದು ಇದೇ ತಾನೆ? ಆದರೆ ಮಾದರಿಯ ಗೆರೆಯಂತೆ ತನ್ನ ಗೆರೆ ಬರಬೇಕಾದರೆ ನಾಲಗೆಯನ್ನು ಏನು ಮಾಡಬೇಕೆಂಬುದನ್ನು ಯಾವ ಗೆರೆಯೂ ಹೇಳಲಿಲ್ಲ. ತಂದೆಯ ಲಿಪಿಯಾದರೋ ನಾಲಗೆ ಎಲ್ಲಿರಬೇಕೆಂದು ಹೇಳಿತು. ಎಲ್ಲಿದೆ ಎಂದು ಹೇಳಲಿಲ್ಲ. ಎರಡು ಅರ್ಧಗಳು ಕೂಡಿಬರಲಿಲ್ಲ. ಆ ಸಂಶೋಧನೆಯ ಹಾದಿಯಲ್ಲಿ ಜಗತ್ತಿಗೆ 1876ರಲ್ಲಿ ಟೆಲಿಫೋನು ದೊರೆಯಿತು. ಕಾಣುವ ನುಡಿಯಾದರೋ ಶಾಲೆಗಳಲ್ಲಿ ಬಹುಕಾಲ ಬಾಳಲಿಲ್ಲ.

3

ಈ ಪ್ರಯತ್ನಗಳು ಬರಿಯ ಕುತೂಹಲದ ವಿಷಯಗಳಾಗಿದ್ದರೆ ಅವುಗಳ ಸೋಲುಗೆಲುವುಗಳಿಂದ ಯಾರಿಗೂ ಹಾನಿಯಿರಲಿಲ್ಲ. ಆದರೆ ಅವುಗಳ ಹಿಂದೆ ಒಂದು ನಿರ್ಣಯವಿತ್ತು: ಬಾಯಿಮಾತೇ ಭಾಷೆ, ಉಳಿದುದು ಭಾಷೆಯಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ನೆರೆದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಕೈಸನ್ನೆಗಿಂತ ಬಾಯಿಮಾತು ನಿಸ್ಸಂದೇಹವಾಗಿ ಮೇಲೆಂದೂ, ಶಾಲೆಗಳಲ್ಲಿ ಶುದ್ಧ ವಾಕ್‌ಪದ್ಧತಿಯನ್ನೇ ಅನುಸರಿಸಬೇಕೆಂದೂ ಅವರು ಗೊತ್ತುಮಾಡಿದರು. ಗ್ರಹಾಂ ಬೆಲ್ಲನೂ 1883ರ ತನ್ನ ಪ್ರಬಂಧದಲ್ಲಿ ಕೈಸನ್ನೆಯ ಬಳಕೆಗೂ ಕಿವುಡ ಅಧ್ಯಾಪಕರ ನೇಮಕಕ್ಕೂ ವಿರೋಧವಾಗಿ ವಾದಿಸಿದ. ಮುಂದಿನ ಹಲವು ದಶಕಗಳಲ್ಲಿ ಯೂರೋಪು ಅಮೆರಿಕಗಳ ಬಹುಪಾಲು ಶಾಲೆಗಳ ತರಗತಿಗಳಿಂದ ಸನ್ನೆ ಹೊರಬಿತ್ತು; ಅದರೊಡನೆ ಕಿವುಡ ಅಧ್ಯಾಪಕರೂ ಹೊರಬಿದ್ದರು. ಮಕ್ಕಳ ಓದಿನ ಕಾಲದ ದೊಡ್ಡ ಪಾಲು ತಮಗೆ ಕೇಳದ ಧ್ವನಿಗಳನ್ನು ಉಚ್ಚರಿಸುವ ಅಭ್ಯಾಸಕ್ಕೆ ಮೀಸಲಾಯಿತು.

1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಎಂಬ ವಿದ್ವಾಂಸರು, ಕೈಸನ್ನೆಯ ಭಾಷೆಗೂ ಬಾಯಿನುಡಿಗಿರುವಂತೆಯೇ ಅಂಗರಚನೆಯುಂಟೆಂದು ತೋರಿಸಿಕೊಟ್ಟರು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ, ಅವುಗಳಿಂದಾದ ಹಾನಿಗೆ ವಿಷಾದ ವ್ಯಕ್ತಪಡಿಸಿತು. ನಡುವೆ ಕಳೆದುಹೋದದ್ದು ನೂರಮೂವತ್ತು ವರ್ಷ.

ಈ ಅನ್ಯಾಯವನ್ನು ಯಂತ್ರ ಮಾಡಿತೆಂದು ಹೇಳುವುದು ತಪ್ಪಾದೀತು. ಬಾಯಿಮಾತನ್ನು ಕಲಿತು ಅದರಿಂದ ಪ್ರಯೋಜನ ಪಡೆದ ಕಿವುಡರೂ ಅನೇಕರಿದ್ದಾರೆ. ಗ್ರಹಾಂ ಬೆಲ್ಲನ ಪತ್ನಿಯೇ ಅಂಥವರಲ್ಲೊಬ್ಬಳು. ಆದರೆ, ತೋರಿಸುವ ಸಾಧನವೊಂದು ಕೈಗೆ ಸಿಕ್ಕಿದೊಡನೆ, ಯಾವುದನ್ನು ತಿದ್ದಬೇಕು, ತಿದ್ದಲೇಬೇಕೆ ಎಂಬ ಪ್ರಶ್ನೆ ಮರೆಯಾಗುತ್ತದೆ. ನಾಲ್ಕನೆಯ ಕೆಲಸವನ್ನು ಮರೆತರೆ ಅದರ ಬೆಲೆಯನ್ನು ಯಾರು ತೆರಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನ ಬೇಕಿಲ್ಲ.

4

ಎರಡನೆಯ ಆಶ್ವಾಸನೆ ಬಂದದ್ದು ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಿಂದ. ಅಲ್ಲಿ 1940ರ ದಶಕದಲ್ಲಿ ಸಿದ್ಧವಾದ ‘ಸೌಂಡ್ ಸ್ಪೆಕ್ಟ್ರೊಗ್ರಾಫ್’ ಧ್ವನಿಯನ್ನು ಅದರ ಅಂಗಭೂತ ಕಂಪನಗಳಾಗಿ ಒಡೆದು ಚಿತ್ರಿಸುತ್ತಿತ್ತು. ಚಿತ್ರದಲ್ಲಿ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಕಂಪನಸಂಖ್ಯೆ, ಕಪ್ಪು ಹೆಚ್ಚಿದಂತೆ ಶಕ್ತಿ. ಪಾಟರ್, ಕಾಪ್, ಗ್ರೀನ್ ಎಂಬ ಮೂವರು 1947ರಲ್ಲಿ ಈ ಚಿತ್ರಗಳನ್ನು ಕುರಿತು ಪ್ರಕಟಿಸಿದ ಗ್ರಂಥಕ್ಕೂ ‘ವಿಸಿಬಲ್ ಸ್ಪೀಚ್’ ಎಂದೇ ಹೆಸರು. ಹಳೆಯ ಹೆಸರಿನೊಡನೆ ಹಳೆಯ ಆಸೆಯೂ ಮರಳಿತು: ಕಿವುಡರು ಈ ಚಿತ್ರಗಳನ್ನು ಅಕ್ಷರಗಳಂತೆ ಓದಬಲ್ಲರು, ತಮ್ಮ ನುಡಿಯನ್ನು ಅವುಗಳಿಂದ ತಿದ್ದಿಕೊಳ್ಳಬಲ್ಲರು.

ಗ್ರಂಥ ಶಾಸ್ತ್ರೀಯವಾದುದು, ಧ್ವನಿವಿಜ್ಞಾನಕ್ಕೆ ಅದರಿಂದಾದ ಉಪಕಾರ ಅಪಾರ. ಆದರೆ ದೀರ್ಘಕಾಲ ತರಬೇತಿ ಪಡೆದ ಕೆಲವರು ಪರಿಮಿತ ಶಬ್ದಗಳನ್ನು ಓದಲು ಕಲಿತರೇ ವಿನಾ ಆ ಚಿತ್ರಗಳು ಎಂದೂ ಲಿಪಿಯಾಗಲಿಲ್ಲ. ಏಕೆಂಬುದನ್ನು ಹ್ಯಾಸ್ಕಿನ್ಸ್ ಪ್ರಯೋಗಾಲಯದ ಲಿಬರ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1967 ಮತ್ತು 1968ರ ಪ್ರಬಂಧಗಳಲ್ಲಿ ವಿವರಿಸಿದರು. ‘ದಿ’, ‘ದು’ ಎಂಬ ಎರಡು ಧ್ವನಿಗಳನ್ನು ತೆಗೆದುಕೊಳ್ಳೋಣ. ಕಿವಿಗೆ ಎರಡರಲ್ಲೂ ಮೊದಲಿಗೆ ಇರುವುದು ಒಂದೇ ದಕಾರ. ಚಿತ್ರದಲ್ಲಿಯಾದರೋ ಒಂದರ ಎರಡನೆಯ ಪಟ್ಟೆ ಮೇಲಕ್ಕೇರುತ್ತದೆ, ಇನ್ನೊಂದರದು ಕೆಳಕ್ಕಿಳಿಯುತ್ತದೆ. ಎರಡಕ್ಕೂ ಸಾಮಾನ್ಯವಾದ ದಕಾರದ ಆಕೃತಿ ಅಲ್ಲಿಲ್ಲ. ಮಾತಿನಲ್ಲಿ ವ್ಯಂಜನವೂ ಸ್ವರವೂ ದಾರದಲ್ಲಿ ಪೋಣಿಸಿದ ಮಣಿಗಳಂತಿರದೆ, ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆ ಹೆಣಿಗೆಯನ್ನು ಕಿವಿ ಕ್ಷಣಮಾತ್ರದಲ್ಲಿ ಬಿಡಿಸುತ್ತದೆ. ಕಣ್ಣಿಗೆ ಅದು ಸಾಧ್ಯವಾಗುವುದಿಲ್ಲ. ತೋರಿಸುವುದಕ್ಕೂ ಗುರುತಿಸುವುದಕ್ಕೂ ಇರುವ ಕಂದಕ ಇಲ್ಲಿ ಸ್ಪಷ್ಟವಾಗುತ್ತದೆ.

5

ಕಣ್ಣಿಗೆ ತೋರಿಸುವುದು ಕಷ್ಟವಾದರೆ ಕಿವಿಗೇ ಕೇಳಿಸಬಹುದಲ್ಲ? ಇದು ಮೂರನೆಯ ಆಶ್ವಾಸನೆ. ತನ್ನ ಧ್ವನಿಯನ್ನು ಮುದ್ರಿಕೆಯಲ್ಲಿ ಮೊದಲ ಸಲ ಕೇಳಿದವನು ಅದು ತನ್ನದೇ ಎಂದು ನಂಬಲು ಹಿಂಜರಿಯುತ್ತಾನೆ. ಮಾತಾಡುವಾಗ ನಮ್ಮ ಧ್ವನಿ ಗಾಳಿಯಿಂದಲೂ ತಲೆಯ ಮೂಳೆಗಳಿಂದಲೂ ಒಳಗಿವಿಗೆ ತಲಪುತ್ತದೆ. ಮುದ್ರಿಕೆಯಲ್ಲಿ ಗಾಳಿಯ ಭಾಗವಷ್ಟೇ ಉಳಿದು, ಮೂಳೆಗಳು ಕೂಡಿಸುವ ಗಂಭೀರತೆ ಇಲ್ಲವಾಗುತ್ತದೆ. ಕಿವಿ ನಾಲಗೆಗಳ ನಂಟೂ ಬಹು ನಿಕಟವಾದುದು. ಗದ್ದಲದ ನಡುವೆ ಮನುಷ್ಯ ತಾನಾಗಿ ಧ್ವನಿಯೇರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ವರದಿ ಮಾಡಿದ. ತನ್ನ ಮಾತೇ ಸ್ವಲ್ಪ ತಡವಾಗಿ ಕಿವಿಗೆ ಬಿದ್ದರೆ ಮಾತುಗಾರ ತೊದಲುತ್ತಾನೆಂದು ಬರ್ನಾರ್ಡ್ ಲೀ 1950ರಲ್ಲಿ ತೋರಿಸಿದ. ಆದುದರಿಂದ ಧ್ವನಿಮುದ್ರಿಕೆಯನ್ನು ನಂಬಿದವರದು ನಿರಾಧಾರವಾದ ನಂಬಿಕೆಯಲ್ಲ.

ಸೋವಿಯತ್ ದೇಶ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ, ಅಮೆರಿಕದ ಸರಕಾರ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಶಾಸನದ ಮೂಲಕ ಪರಭಾಷೆಗಳ ಬೋಧನೆಗೆ ಹೇರಳವಾಗಿ ಹಣ ಒದಗಿಸಿತು. ಶಾಲೆ ಶಾಲೆಗಳಲ್ಲಿ ಭಾಷಾಪ್ರಯೋಗಾಲಯಗಳೆದ್ದುವು. ವಿದ್ಯಾರ್ಥಿ ತನ್ನ ಗೂಡಿನಲ್ಲಿ ಕುಳಿತು ಮಾದರಿಯನ್ನು ಕೇಳಬೇಕು, ಅನುಕರಿಸಬೇಕು, ತನ್ನ ಮುದ್ರಿಕೆಯನ್ನು ಮಾದರಿಯೊಡನೆ ಹೋಲಿಸಬೇಕು. ಆದರೆ 1963ರಲ್ಲಿ ಪ್ರಕಟವಾದ ಕೀಟಿಂಗರ ಅಧ್ಯಯನವೂ, 1960ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಡೆದ ವಿಸ್ತಾರವಾದ ಪರೀಕ್ಷೆಯೂ, ವಿದ್ಯಾರ್ಥಿಗಳ ಒಟ್ಟು ಸಾಧನೆಯಲ್ಲಿ ಪ್ರಯೋಗಾಲಯಗಳಿಂದ ನಿರೀಕ್ಷಿತ ಮೇಲ್ಮೆಯನ್ನು ಕಾಣಲಿಲ್ಲ.

ಕಾರಣವೇನು? ಮನುಷ್ಯನ ಕಿವಿ ಅವನ ಮಾತೃಭಾಷೆಯ ಅಚ್ಚಿನಲ್ಲಿ ಎರಕವಾದದ್ದು. ಜಪಾನೀಯರಿಗೆ ಇಂಗ್ಲಿಷಿನ ರಕಾರ ಲಕಾರಗಳ ಭೇದ ಎಷ್ಟು ಕಠಿಣವೆಂಬುದು ಪ್ರಸಿದ್ಧವಾಗಿದೆ. ಅವೆರಡನ್ನೂ ಚೆನ್ನಾಗಿ ಉಚ್ಚರಿಸಬಲ್ಲ ಜಪಾನೀಯರು ಕೂಡ ಕೇಳಿ ಗುರುತಿಸುವಲ್ಲಿ ಎಡವುತ್ತಾರೆಂದು ಗೋಟೊ ಎಂಬ ವಿದ್ವಾಂಸರು 1971ರಲ್ಲಿ ತೋರಿಸಿದರು. ಭೇದವನ್ನೇ ಕೇಳದ ಕಿವಿಗೆ ಮುದ್ರಿಕೆಯನ್ನು ನೂರು ಸಲ ಹಾಕಿದರೂ ನೂರು ಸಲವೂ ಸರಿಯೆಂದೇ ತೋರುತ್ತದೆ. ಇದಕ್ಕೆ ಪ್ರತಿಯಾಗಿ, ಬ್ರ್ಯಾಡ್ಲೊ, ಪಿಸೊನಿ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಜಪಾನೀ ಕಲಿಯುವವರಿಗೆ ಹಲವು ಮಂದಿಯ ಧ್ವನಿಗಳನ್ನು ಕೇಳಿಸಿ, ಉತ್ತರ ಸರಿಯೋ ತಪ್ಪೋ ಎಂದು ತಿಳಿಸುತ್ತ, ಗುರುತಿಸುವುದನ್ನಷ್ಟೇ ಅಭ್ಯಾಸ ಮಾಡಿಸಿದರು. ಮಾತಾಡುವ ಅಭ್ಯಾಸ ಮಾಡಿಸದಿದ್ದರೂ ಅವರ ಉಚ್ಚಾರಣೆ ಸುಧಾರಿಸಿತು. ಇಲ್ಲಿ ಯಂತ್ರ ವಿದ್ಯಾರ್ಥಿಗೆ ಅವನ ಸ್ವಂತ ಧ್ವನಿಯನ್ನು ಕೇಳಿಸಲಿಲ್ಲ, ಇತರರ ಧ್ವನಿಯನ್ನು ಕೇಳಲು ಕಲಿಸಿತು. ತರಗತಿಯಲ್ಲಿ ಕನ್ನಡಿ ಹಿಡಿಯುವ ಮೊದಲು ಕಣ್ಣು ತೆರೆಯಿಸಬೇಕೆಂಬುದೇ ಇದರ ಪಾಠ.

6

ಹಾಗಾದರೆ ಈ ಸಾಧನಗಳೆಲ್ಲ ನಿಷ್ಪ್ರಯೋಜಕವೆ? ಎಂದಿಗೂ ಅಲ್ಲ. ಕಿವಿ ತಪ್ಪಿಸಿಕೊಳ್ಳುವ ಒಂದೇ ಒಂದು ಅಂಶವನ್ನು ಸರಳವಾದ ಆಕಾರದಲ್ಲಿ ತೋರಿಸುವ ಸಾಧನ ಫಲಕಾರಿಯಾಗುತ್ತದೆ. ವಾಕ್ಯದ ಸ್ವರದ ಏರಿಳಿತ ಅಂಥದು. ಇಂಗ್ಲಿಷ್ ಕಲಿಯುತ್ತಿದ್ದ ಡಚ್ ವಿದ್ಯಾರ್ಥಿಗಳಲ್ಲಿ, ಕೇವಲ ಮುದ್ರಿಕೆ ಕೇಳಿದವರಿಗಿಂತ ಏರಿಳಿತದ ಗೆರೆಯನ್ನೂ ನೋಡಿದವರು ಹೆಚ್ಚು ಪ್ರಗತಿ ತೋರಿದರೆಂದು ಡ ಬಾಟ್ ಎಂಬವರು 1983ರಲ್ಲಿ ವರದಿ ಮಾಡಿದ್ದಾರೆ. ಗೆರೆ ಏರಿದರೆ ಸ್ವರ ಏರಿದಂತೆ. ಇದನ್ನು ಓದಲು ವಿಶೇಷ ವಿದ್ಯೆ ಬೇಕಿಲ್ಲ. ಆಮ್‌ಸ್ಟರ್‌ಡಾಂ ವಿಶ್ವವಿದ್ಯಾನಿಲಯದಿಂದ ಉಚಿತವಾಗಿ ದೊರೆಯುವ ‘ಪ್ರಾಟ್’ ಎಂಬ ತಂತ್ರಾಂಶದಿಂದ ಯಾವ ಕಾಲೇಜಿನಲ್ಲಾದರೂ ಇದನ್ನು ಮಾಡಿನೋಡಬಹುದು. ಅಂತೆಯೇ ದೀರ್ಘ ಹ್ರಸ್ವಗಳ, ಒತ್ತಕ್ಷರಗಳ ಕಾಲಪ್ರಮಾಣವೂ ಕಣ್ಣಿಗೆ ಸುಲಭವಾಗಿ ಸಿಕ್ಕುವಂಥದು.

ಮುಖದ ಚಲನಚಿತ್ರದ ವಿಷಯದಲ್ಲಿ ಎಚ್ಚರ ಬೇಕು. ನೋಟವು ಕೇಳ್ಮೆಯನ್ನೇ ಬದಲಿಸಬಲ್ಲುದೆಂದು ಮಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ 1976ರಲ್ಲಿ ಸ್ಥಾಪಿಸಿದರು: ‘ಗ’ ಎನ್ನುವ ಬಾಯಿಗೆ ‘ಬ’ ಎಂಬ ಧ್ವನಿಯನ್ನು ಕೂಡಿಸಿದರೆ ನೋಡುವವರಲ್ಲಿ ಅನೇಕರಿಗೆ ‘ದ’ ಕೇಳಿಸುತ್ತದೆ. ಆದರೂ ತುಟಿ ಹೇಳುವುದು ಸ್ವಲ್ಪ, ಅಡಗಿಸುವುದು ಬಹಳ. ಪ, ಬ, ಮಗಳಲ್ಲಿ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ನಾದವೂ ಮೂಗಿನ ಪಾಲೂ ಕಾಣುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೂ ಬಹುಮಟ್ಟಿಗೆ ಹಾಗೆಯೇ. ನಕಾರ ಣಕಾರ, ಲಕಾರ ಳಕಾರಗಳ ಭೇದವಿರುವುದು ನಾಲಗೆಯ ತುದಿ ಹಿಂದಕ್ಕೆ ಮಡಿಯುವುದರಲ್ಲಿ. ಅದು ಹಲ್ಲುಗಳ ಮರೆಯಲ್ಲಿ ನಡೆಯುತ್ತದೆ. ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಎಲ್ಲಿ ನೆರವು ಬೇಕೋ ಅಲ್ಲಿಯೇ ಕ್ಯಾಮರಾ ಮೌನವಾಗಿರುತ್ತದೆ.

ಬಾಯಿಯ ಒಳಗನ್ನು ತೋರಿಸುವ ಸಾಧನಗಳೂ ಉಂಟು. ಕೃತಕ ಅಂಗುಳಿನಲ್ಲಿ ವಿದ್ಯುದ್ವಾರಗಳನ್ನಿಟ್ಟು ನಾಲಗೆಯ ಸ್ಪರ್ಶವನ್ನು ಪರದೆಯ ಮೇಲೆ ತೋರಿಸುವ ವಿಧಾನ ಅವುಗಳಲ್ಲೊಂದು. ಎಲ್ಲಿದೆ, ಎಲ್ಲಿರಬೇಕು ಎಂಬ ಎರಡು ಅರ್ಧಗಳೂ ಇಲ್ಲಿ ಕೂಡುವುದರಿಂದ ತತ್ತ್ವತಃ ಇದೇ ಉತ್ತಮವಾದುದು. ಆದರೂ ಸೀಳಂಗುಳಿನವರ ನುಡಿಚಿಕಿತ್ಸೆಯಲ್ಲಿ ಇದರ ಫಲವನ್ನು ಪರಿಶೀಲಿಸಿದ 2009ರ ಒಂದು ಸಮೀಕ್ಷೆ, ದೊರೆತ ಆಧಾರಗಳು ಬಲವಾದುವಲ್ಲವೆಂದೇ ಅಭಿಪ್ರಾಯಪಟ್ಟಿತು. ಜತೆಗೆ ಚಲನಕೌಶಲಗಳ ಕಲಿಕೆಯನ್ನು ಕುರಿತು ಸಾಲ್ಮೊನಿ, ಶ್ಮಿಟ್, ವಾಲ್ಟರ್ ಎಂಬವರು 1984ರಲ್ಲಿ ಮಾಡಿದ ವಿಮರ್ಶೆಯೊಂದುಂಟು. ಪ್ರತಿ ಯತ್ನಕ್ಕೂ ಫಲವನ್ನು ತಿಳಿಸುತ್ತಿದ್ದರೆ ಆ ಹೊತ್ತಿನ ಸಾಧನೆ ಚೆನ್ನಾಗಿರುತ್ತದೆ. ತಿಳಿಸುವುದನ್ನು ನಿಲ್ಲಿಸಿದೊಡನೆ ಕುಸಿಯುತ್ತದೆ. ಕಲಿಯುವವನು ಊರುಗೋಲಿಗೆ ಒಗ್ಗಿಹೋಗುವುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ಯಂತ್ರವನ್ನು ಯಾವಾಗ ಆರಿಸಬೇಕೆಂದು ಬಲ್ಲ ಅಧ್ಯಾಪಕ ಅಗತ್ಯವೆಂಬುದಕ್ಕೆ ಇದೂ ಒಂದು ಆಧಾರ.

7

ಉಳಿದದ್ದು ನಾಲ್ಕನೆಯ ಕೆಲಸ, ನಿರ್ಣಯ. ಅಂಕ ಕೊಡುವ ಯಂತ್ರಗಳು ಇದನ್ನೂ ತಾವೇ ಮಾಡುವಂತೆ ತೋರುತ್ತವೆ. ವಾಸ್ತವವಾಗಿ ಅವು ಯಾರದೋ ಧ್ವನಿಗಳನ್ನು ಮಾದರಿಯಾಗಿಟ್ಟುಕೊಂಡು ನಮ್ಮ ಧ್ವನಿ ಅವಕ್ಕೆ ಎಷ್ಟು ಹತ್ತಿರವೆಂದು ಅಳೆಯುತ್ತವೆ, ಅಷ್ಟೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಐದು ಪ್ರಸಿದ್ಧ ಸಂಸ್ಥೆಗಳ ನುಡಿಗ್ರಹಣ ಯಂತ್ರಗಳು ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಶಬ್ದಗಳನ್ನೂ ಕರಿಯರ ಮಾತಿನಲ್ಲಿ ನೂರಕ್ಕೆ 35 ಶಬ್ದಗಳನ್ನೂ ತಪ್ಪಾಗಿ ಗ್ರಹಿಸಿದುವೆಂದು ಕಂಡುಬಂದಿತು. ತಪ್ಪಿದ್ದು ಮಾತಾಡಿದವರ ನಾಲಗೆಯೋ, ಯಂತ್ರದ ಕಿವಿಯೋ?

ಕನ್ನಡದ ಚರಿತ್ರೆ ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಕ್ಕೆ ‘ಶಬ್ದಮಣಿದರ್ಪಣ’ವೆಂದು ಹೆಸರಿಟ್ಟ, ಅದೂ ಒಂದು ಕನ್ನಡಿಯೇ. ೞಕಾರವುಳ್ಳ ಶಬ್ದಗಳನ್ನು ಅವನು ಅದರಲ್ಲಿ ಪಟ್ಟಿಮಾಡಿ ಕೊಟ್ಟಿದ್ದಾನೆ. ನಾಲಗೆಯ ಮೇಲೆ ಅಳಿಯುತ್ತಿದ್ದ ಭೇದವನ್ನು ಗ್ರಂಥದಲ್ಲಿ ಉಳಿಸುವ ಯತ್ನವದು. ಆದರೂ ‘ಏೞು’ ಏಳಾಯಿತು, ‘ಆಱು’ ಆರಾಯಿತು. ಇಂದು ಯಾರೂ ಇವನ್ನು ತಪ್ಪೆನ್ನುವುದಿಲ್ಲ. ಹಾಲನ್ನು ‘ಆಲು’ ಎಂದ ಹಳ್ಳಿಯ ಹುಡುಗನನ್ನು ನಾವು ತರಗತಿಯಲ್ಲಿ ನಗೆಗೀಡುಮಾಡುತ್ತೇವೆ. ಆದರೆ ನಾವು ಕಾಪಾಡಹೊರಟ ಆ ಹಕಾರವಾದರೂ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅದು ‘ಪಾಲ್’. ಪಂಪನ ಕಾಲದ ಮಾದರಿಯನ್ನು ತುಂಬಿದ ಯಂತ್ರವೊಂದಿದ್ದರೆ ಅದು ‘ಹಾಲು’ ಎಂದ ಪಂಡಿತನಿಗೂ ‘ಆಲು’ ಎಂದ ಹುಡುಗನಿಗೂ ಸೊನ್ನೆಯನ್ನೇ ಕೊಟ್ಟೀತು.

ಇದರಿಂದ ಶಿಷ್ಟ ಉಚ್ಚಾರಣೆಯೇ ಬೇಡವೆಂದು ಅರ್ಥವಲ್ಲ. ವೇದಿಕೆಗೆ, ಆಕಾಶವಾಣಿಗೆ, ಪಾಠಕ್ಕೆ ಒಂದು ಸಾಮಾನ್ಯ ರೂಢಿ ಉಪಯುಕ್ತ. ಅದನ್ನು ಕಲಿಯುವ ಹಕ್ಕು ಎಲ್ಲ ವಿದ್ಯಾರ್ಥಿಗಳಿಗೂ ಉಂಟು. ಆದರೆ ಅದು ರೂಢಿಯೆಂದು ತಿಳಿದು ಕಲಿಸುವುದು ಬೇರೆ, ಅದೇ ಶುದ್ಧಿ ಉಳಿದುದು ಮೈಲಿಗೆ ಎಂದು ಕಲಿಸುವುದು ಬೇರೆ. ಮನ್ರೊ ಮತ್ತು ಡರ್ವಿಂಗ್ 1995ರಲ್ಲಿ ತೋರಿಸಿದಂತೆ, ಪರಭಾಷೆಯ ಛಾಯೆ ಬಲವಾಗಿರುವ ಮಾತು ಕೂಡ ಕೇಳುವವರಿಗೆ ಪೂರ್ಣವಾಗಿ ಅರ್ಥವಾಗಬಲ್ಲುದು. ಮೊದಲು ತಿದ್ದಬೇಕಾದದ್ದು ಅರ್ಥಕ್ಕೆ ಅಡ್ಡಬರುವುದನ್ನು.

8

ಮೇಲಿನ ಪರಿಶೀಲನೆಯಿಂದ ಅಧ್ಯಾಪಕರಿಗೆ ಉಪಯುಕ್ತವಾದ ಕೆಲವು ನಿರ್ಧಾರಗಳಿಗೆ ಬರಬಹುದು. ಒಂದನೆಯದಾಗಿ, ಸ್ವಂತ ಧ್ವನಿಯ ಮುದ್ರಿಕೆಗೆ ಮುಂಚೆ ಹಲವರ ಧ್ವನಿಗಳಲ್ಲಿ ಭೇದವನ್ನು ಕೇಳಿ ಗುರುತಿಸುವ ಅಭ್ಯಾಸ ನಡೆಯಬೇಕು. ಎರಡನೆಯದಾಗಿ, ಒಂದು ಪಾಠಕ್ಕೆ ಒಂದೇ ಅಂಶ; ಅದನ್ನು ತೋರಿಸಲು ತಕ್ಕ ಸಾಧನವನ್ನೇ ಆರಿಸಬೇಕು. ಏರಿಳಿತಕ್ಕೆ ಗೆರೆ, ತುಟಿಯ ಕೆಲಸಕ್ಕೆ ಕನ್ನಡಿ ಅಥವಾ ಚಲನಚಿತ್ರ, ನಾಲಗೆಯ ಮಡಿಕೆಗೆ ಅಧ್ಯಾಪಕನ ವಿವರಣೆ. ಮೂರನೆಯದಾಗಿ, ಸಾಧನದ ನೆರವನ್ನು ಬರಬರುತ್ತ ಕಡಿಮೆ ಮಾಡಿ, ಕೊನೆಗೆ ಅದಿಲ್ಲದೆ ಪರೀಕ್ಷಿಸಬೇಕು. ನಾಲ್ಕನೆಯದಾಗಿ, ನುಡಿಯ ದೋಷ ದೇಹಕಾರಣವೆಂಬ ಶಂಕೆಯಿದ್ದಲ್ಲಿ ತರಗತಿಯಲ್ಲಿ ತಿದ್ದಲು ಹೋಗದೆ ತಜ್ಞರ ಬಳಿಗೆ ಕಳುಹಿಸಬೇಕು. ಈ ಕೆಲಸಕ್ಕೆಂದೇ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವುದು ನಮ್ಮ ನಾಡಿನ ಭಾಗ್ಯ. ಐದನೆಯದಾಗಿ, ಯಾವ ಮಾದರಿಗೆ ಹೋಲಿಸಿ ಅಂಕ ಬಂತೆಂದು ತಿಳಿಯದ ಹೊರತು ಯಂತ್ರದ ಅಂಕವನ್ನು ಪರೀಕ್ಷೆಯ ಅಂಕವನ್ನಾಗಿ ಮಾಡಕೂಡದು.

ಸ್ಕಾಟನ ಮಸಿಕಾಗದದಿಂದ ಇಂದಿನ ಪರದೆಯವರೆಗೆ ಕನ್ನಡಿ ಸ್ವಚ್ಛವಾಗುತ್ತ ಬಂದಿದೆ. ಕನ್ನಡಿ ಎಷ್ಟೇ ಸ್ವಚ್ಛವಾಗಲಿ, ನೋಡುವುದನ್ನು ಕಲಿಸುವವರೂ, ತಿದ್ದಬೇಕಾದದ್ದು ಯಾವುದು, ಹಾಗೆಯೇ ಬಿಡಬೇಕಾದದ್ದು ಯಾವುದೆಂದು ವಿವೇಚಿಸುವವರೂ ಬೇಕೇ ಬೇಕು. ಈ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸಿದಾಗ ಏನಾಗುತ್ತದೆಂಬುದನ್ನು ಮಿಲಾನಿನಿಂದ ವ್ಯಾಂಕೂವರಿನವರೆಗಿನ ನೂರಮೂವತ್ತು ವರ್ಷಗಳ ಚರಿತ್ರೆ ಸಾರುತ್ತಿದೆ.